ನಿಮ್ಮ ಫೋಟೊದಲ್ಲಿ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ?

ಹೊಸದಾಗಿ ಫೋಟೊ ತೆಗೆಯಲು ಶುರು ಮಾಡಿದವರು ಒಂದು ಫೋಟೊ ತೋರಿಸಿ "ಹೇಗಿದೆ ಹೇಳಿ" ಅಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಇದರಲ್ಲಿ ನೀವು ತೋರಿಸಬೇಕು ಅಂದುಕೊಂಡಿದ್ದು ಏನು? ಅವರು ಹೇಳಿದ ಮೇಲೆ ಫೋಟೊವನ್ನು ಇನ್ನೊಂದು ಸಲ ನೋಡುತ್ತೇನೆ. ನನ್ನ ಕಣ್ಣು ಮೊದಲು ಅಲ್ಲಿಗೇ ಹೋದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಆಗಿದೆ ಅಂತ ಅರ್ಥ. ಬೇರೆಲ್ಲೋ ಹೋದರೆ, ಕ್ಯಾಮೆರಾ ಎಷ್ಟೇ ದುಬಾರಿಯದ್ದಾಗಿರಲಿ, ಸರಿ ಮಾಡಬೇಕಾದ್ದು ಇದೆ.

ಈ ಲೇಖನದಲ್ಲಿ ಹೇಳುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ. ಮೊಬೈಲ್ ಆದರೂ ಸರಿ, ಯಾರೋ ಕೊಟ್ಟ ಹಳೆಯ ಕ್ಯಾಮೆರಾ ಆದರೂ ಸರಿ.

ನೋಡುವವರ ಕಣ್ಣು ಯಾವುದರ ಕಡೆ ಓಡುತ್ತದೆ ಅಂತ ಮೊದಲೇ ಗೊತ್ತಿದ್ದರೆ ಎಷ್ಟೋ ಉಪಯೋಗ. ಫ್ರೇಮಿನಲ್ಲಿ ಎಲ್ಲಕ್ಕಿಂತ ಬೆಳ್ಳಗೆ ಹೊಳೆಯುವ ಜಾಗಕ್ಕೆ ಓಡುತ್ತದೆ. ಗಾಢ ಕೆಂಪು, ಹಳದಿ ಬಣ್ಣಕ್ಕೆ ಓಡುತ್ತದೆ. ಅಕ್ಷರ ಕಂಡರಂತೂ ನಾವು ಓದದೇ ಬಿಡುವವರಲ್ಲ, ಅದು ಅಂಗಡಿ ಬೋರ್ಡಿರಲಿ, ಟೀ ಶರ್ಟಿನ ಮೇಲಿನ ಬರಹವಿರಲಿ, ಹಿಂದಿನ ಗೋಡೆಗೆ ಕಟ್ಟಿದ ಫ್ಲೆಕ್ಸ್ ಇರಲಿ. ಮನುಷ್ಯರ ಮುಖ, ಅದರಲ್ಲೂ ನಮ್ಮನ್ನೇ ನೋಡುತ್ತಿರುವ ಕಣ್ಣು, ಇವೆಲ್ಲಕ್ಕಿಂತ ಬಲ. ನಿಮ್ಮ ವಿಷಯ ಇವುಗಳ ಜೊತೆ ಪೈಪೋಟಿಗೆ ನಿಂತಿರುತ್ತದೆ. ಪೈಪೋಟಿಯನ್ನು ಕಡಿಮೆ ಮಾಡುವುದೇ ಫೋಟೊ ತೆಗೆಯುವವರ ಕೆಲಸ.

ಶುರು ಮಾಡುವ ಮುಂಚೆ

ಮೊಬೈಲಿನಲ್ಲಿ ತೆಗೆಯುವವರು ಮೊದಲು ಲೆನ್ಸ್ ಒರೆಸಿ. ದಿನವಿಡೀ ಜೇಬಿನಲ್ಲಿ, ಕೈಯಲ್ಲಿ ಇರುವ ಫೋನಿನ ಲೆನ್ಸ್ ಮೇಲೆ ಬೆರಳಿನ ಎಣ್ಣೆ ಕೂತಿರುತ್ತದೆ. ದೀಪದ ಸುತ್ತ ಮಂಜು ಮುಸುಕಿದ ಹಾಗೆ ಕಾಣುವುದು, ಫೋಟೊ ಪೂರ್ತಿ ಮಂಕಾಗಿರುವುದು ಬಹಳ ಸಲ ಇದರಿಂದಲೇ. ಮೆತ್ತನೆಯ ಹತ್ತಿ ಬಟ್ಟೆ ಸಾಕು.

ಆಮೇಲೆ ಸೆಟ್ಟಿಂಗ್ಸಿಗೆ ಹೋಗಿ ಗ್ರಿಡ್ ಗೆರೆಗಳನ್ನು ಆನ್ ಮಾಡಿ, ಬ್ಯೂಟಿ ಫಿಲ್ಟರ್ ಆಫ್ ಮಾಡಿ. ಅದು ಚರ್ಮದ ಬಣ್ಣವನ್ನು ಬಿಳಿ ಮಾಡುತ್ತದೆ, ಅಜ್ಜಿಯ ಮುಖದ ಸುಕ್ಕನ್ನು ಅಳಿಸುತ್ತದೆ. ಮೊಮ್ಮಕ್ಕಳಿಗೆ ನೆನಪಿರುವ ಅಜ್ಜಿಯ ಮುಖ ಆ ಸುಕ್ಕಿನದ್ದು, ಅದನ್ನು ಅಳಿಸುವ ಹಕ್ಕು ಫೋನಿಗೆ ಯಾಕೆ ಕೊಡಬೇಕು? ಇನ್ನೊಂದು ವಿಷಯ, ಎರಡು ಬೆರಳಲ್ಲಿ ಎಳೆದು ಜೂಮ್ ಮಾಡುತ್ತಾ ಹೋದರೆ ಒಂದು ಹಂತ ದಾಟಿದ ಮೇಲೆ ಫೋನ್ ಸುಮ್ನೆ ಕ್ರಾಪ್ ಮಾಡಿ ಹಿಗ್ಗಿಸುತ್ತದೆ ಅಷ್ಟೇ. ನಡೆದು ಹತ್ತಿರ ಹೋಗಲು ಸಾಧ್ಯವಿದ್ದರೆ ನಡೆಯಿರಿ.

ಮುಖದ ಫೋಟೊಗೆ ಮಾತ್ರ ಇದು ತಿರುವುಮುರುವು. ಫೋನಿನ ಮಾಮೂಲಿ ಲೆನ್ಸ್ ಅಗಲ ನೋಟದ್ದು. ಒಂದು ಮೊಳ ದೂರದಿಂದ ಮುಖದ ಫೋಟೊ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದ ಹಾಗೆ ಕಾಣುತ್ತದೆ. ಐದಾರು ಅಡಿ ಹಿಂದೆ ಹೋಗಿ, 2 ಎಕ್ಸ್ ಅಥವಾ 3 ಎಕ್ಸ್ ಲೆನ್ಸ್ ಇದ್ದರೆ ಅದನ್ನು ಬಳಸಿ. ಅದೇ ಮುಖ, ಆದರೆ ಮನೆಯವರಿಗೆ ಗೊತ್ತಿರುವ ಮುಖದ ಹಾಗೆಯೇ ಬರುತ್ತದೆ.

ಹಿಂದೆ ಏನಿದೆ ನೋಡಿ

ನನ್ನ ಕೈಗೆ ಬರುವ ಫೋಟೊಗಳಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಬೆಳಕಿನದ್ದೂ ಅಲ್ಲ, ಫೋಕಸ್ಸಿನದ್ದೂ ಅಲ್ಲ. ಹಿನ್ನೆಲೆಯದ್ದು. ಎದುರಿಗಿರುವವರ ಮುಖವನ್ನೇ ನೋಡುತ್ತಿರುವಾಗ ನಮ್ಮ ಮಿದುಳು ಹಿಂದಿರುವುದನ್ನು ಮರೆಸಿಬಿಡುತ್ತದೆ. ಕ್ಯಾಮೆರಾ ಮರೆಯುವುದಿಲ್ಲ. ಮದುವೆ ಮನೆಯ ಫೋಟೊ ತೆಗೆದು ನೋಡಿ: ಚಿಕ್ಕಪ್ಪನ ತಲೆಯಿಂದ ಟ್ಯೂಬ್‌ಲೈಟ್ ಹೊರಟಿರುತ್ತದೆ, ಹಿಂದೆ ನೀಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಪಕ್ಕದಲ್ಲಿ ಅರ್ಧ ಕತ್ತರಿಸಿ ಹೋದ ಯಾರದೋ ಮೊಣಕೈ. ಹಳ್ಳಿ ಮನೆಯ ಅಂಗಳದಲ್ಲಿ ತೆಗೆದರೆ ಮೂಲೆಯಲ್ಲೊಂದು ಕೆಂಪು ಬಕೆಟ್ ಇದ್ದೇ ಇರುತ್ತದೆ, ಅಲ್ವಾ? ಆ ಬಕೆಟ್ ಚಿಕ್ಕದೇ. ಆದರೆ ಇಡೀ ಫೋಟೊದಲ್ಲಿ ಅಷ್ಟು ಕೆಂಪು ಇನ್ಯಾವುದೂ ಇರುವುದಿಲ್ಲ, ಹಾಗಾಗಿ ಕಣ್ಣು ನೇರ ಅಲ್ಲಿಗೇ.

ಇದಕ್ಕೆ ಪರಿಹಾರ ಬಹಳ ಸುಲಭ, ಕಾಸು ಖರ್ಚಿಲ್ಲ. ಕ್ಲಿಕ್ ಮಾಡುವ ಮುಂಚೆ ಫ್ರೇಮಿನ ನಾಲ್ಕು ಅಂಚುಗಳ ಮೇಲೆ ಒಂದು ಸುತ್ತು ಕಣ್ಣು ಹಾಯಿಸಿ. ಮೇಲಿನ ಎಡ ಮೂಲೆಯಿಂದ ಶುರು ಮಾಡಿ ಬಲಕ್ಕೆ, ಕೆಳಕ್ಕೆ, ಮತ್ತೆ ಎಡಕ್ಕೆ. ಆಮೇಲೆ ಮುಖ್ಯ ವಿಷಯದ ತಲೆಯ ಸುತ್ತ ಒಂದು ಸಲ ನೋಡಿ. ತಲೆಯಿಂದ ಕಂಬ, ಮರ, ಕಿಟಕಿ ಸರಳು ಏನಾದರೂ ಹೊರಟಿದ್ದರೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಇಲ್ಲ ಸ್ವಲ್ಪ ಕೂರಿ. ಎರಡು ಸೆಕೆಂಡಿನ ಕೆಲಸ ಇದು. ಒಂದು ವಾರ ಬಲವಂತವಾಗಿ ಮಾಡಿದರೆ ಆಮೇಲೆ ತಾನೇ ಅಭ್ಯಾಸವಾಗುತ್ತದೆ.

ಹಿನ್ನೆಲೆಯನ್ನು ಮಸುಕು ಮಾಡಿದರೆ ಆಯಿತಲ್ಲ ಅಂತ ಕೆಲವರು ಕೇಳುತ್ತಾರೆ. ಕ್ಯಾಮೆರಾ ಇರುವವರು 50 ಎಂಎಂ ಎಫ್ 1.8 ಲೆನ್ಸ್ (ಬೆಳಕು ಬರುವ ಕಿಂಡಿ ತುಂಬಾ ಅಗಲವಾಗಿ ತೆರೆಯುವ ಲೆನ್ಸ್) ತಗೊಂಡರೆ ಚೆನ್ನಾಗಿಯೇ ಮಸುಕಾಗುತ್ತದೆ, ಕಡಿಮೆ ಬೆಲೆಯ ಲೆನ್ಸ್‌ಗಳಲ್ಲಿ ಅದೇ ನನಗೆ ಅತಿ ಇಷ್ಟವಾದದ್ದು. ಆದರೆ ಮಸುಕಾದ ಕೆಂಪು ಬಕೆಟ್ ಕೂಡ ಕೆಂಪಾಗಿಯೇ ಇರುತ್ತದೆ. ಮೊಬೈಲಿನ ಪೋರ್ಟ್ರೇಟ್ ಮೋಡ್ ಬಗ್ಗೆ ಇನ್ನೊಂದು ಎಚ್ಚರಿಕೆ: ಅದು ಲೆಕ್ಕ ಹಾಕಿ ಮಸುಕು ಮಾಡುವುದು, ಹಾಗಾಗಿ ಅಂಚುಗಳಲ್ಲಿ ಎಡವುತ್ತದೆ. ಜಡೆಗೆ ಮುಡಿದ ಮಲ್ಲಿಗೆ ದಂಡೆಯನ್ನು ಜೂಮ್ ಮಾಡಿ ನೋಡಿ, ಹೊರಗೆ ಚಾಚಿದ ನಾಲ್ಕಾರು ಮೊಗ್ಗು ಗೋಡೆಯ ಜೊತೆ ಕರಗಿ ಹೋಗಿರುತ್ತವೆ. ಗುಂಗುರು ಕೂದಲು, ಕನ್ನಡಕದ ಕಡ್ಡಿ, ಜುಮುಕಿ, ಇವುಗಳ ಗತಿಯೂ ಅದೇ. ಅದಕ್ಕಿಂತ ಮನುಷ್ಯರನ್ನು ಗೋಡೆಯಿಂದ ಹತ್ತಡಿ ಮುಂದೆ ನಿಲ್ಲಿಸಿ, ಖಾಲಿ ಹಿನ್ನೆಲೆ ಹುಡುಕಿ.

ಬೆಳಕು

ಬೆಳಗಿನ ಎಳೆ ಬಿಸಿಲಲ್ಲಿ, ಸಂಜೆ ಸೂರ್ಯ ಇಳಿಯುವ ಹೊತ್ತಲ್ಲಿ ತೆಗೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಬೆಳಕು ಎಷ್ಟು ಹೊತ್ತಿನದ್ದು ಅನ್ನುವಷ್ಟೇ ಮುಖ್ಯ ಅದು ಯಾವ ಕಡೆಯಿಂದ ಬರುತ್ತಿದೆ ಅನ್ನುವುದು.

ಹಂಪಿಯ ವಿರೂಪಾಕ್ಷ ದೇವಸ್ಥಾನದ ದೊಡ್ಡ ಗೋಪುರ ಪೂರ್ವಕ್ಕೆ ಮುಖ ಮಾಡಿದೆ. ಬೆಳಗ್ಗೆ ರಥಬೀದಿಯಲ್ಲಿ ನಿಂತರೆ ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಬಂದು ಗೋಪುರದ ಮೇಲೆ ಬೀಳುತ್ತದೆ, ಸಂಜೆ ಅದೇ ಜಾಗದಲ್ಲಿ ನಿಂತರೆ ಸೂರ್ಯ ಗೋಪುರದ ಹಿಂದೆ ಹೋಗಿ ಗೋಪುರ ಕಪ್ಪಾಗಿ ಕಾಣುತ್ತದೆ. ಸಂಜೆ ಹೊತ್ತಿಗೆ ರಥಬೀದಿಗೆ ಹೋಗಿ "ಗೋಪುರ ಡಾರ್ಕ್ ಬಂತು" ಅಂತ ಬೇಜಾರು ಮಾಡಿಕೊಳ್ಳುವವರು ತುಂಬಾ ಜನ. ಅವರ ಕ್ಯಾಮೆರಾದಲ್ಲಿ ಏನೂ ತಪ್ಪಿಲ್ಲ. ಸಂಜೆ ಹೇಮಕೂಟ ಗುಡ್ಡ ಹತ್ತಿ, ಬಂಡೆಗಳ ಮೇಲಿನ ಸಣ್ಣ ಗುಡಿಗಳನ್ನು ಆಕಾಶದ ಎದುರು ನೆರಳಿನ ಹಾಗೆ ತೆಗೆಯಿರಿ, ಆ ಹೊತ್ತಿನ ಬೆಳಕು ಅದಕ್ಕೇ ಇರುವುದು.

ಬೇಲೂರು, ಹಳೇಬೀಡು, ಸೋಮನಾಥಪುರದ ಕೆತ್ತನೆಗೆ ಎದುರಿನ ಬೆಳಕು ಅಷ್ಟು ಒಳ್ಳೆಯದಲ್ಲ. ಎದುರಿಂದ ಬಿದ್ದರೆ ಕೆತ್ತನೆ ಚಪ್ಪಟೆಯಾಗುತ್ತದೆ. ಗೋಡೆಯನ್ನು ಸವರಿಕೊಂಡು ಪಕ್ಕದಿಂದ ಬರುವ ಬಿಸಿಲಲ್ಲಿ ನೋಡಿ, ಒಂದೊಂದು ಮಣಿ, ಒಂದೊಂದು ಬೆರಳು ತನ್ನ ನೆರಳಿನ ಸಮೇತ ಎದ್ದು ಬರುತ್ತದೆ. ಬೇಲೂರಿನ ಮದನಿಕೆಯರು ಚಾವಣಿಯ ಅಂಚಿನ ಕೆಳಗೆ ಎತ್ತರದಲ್ಲಿ ಇರುವುದರಿಂದ ನಡು ಮಧ್ಯಾಹ್ನ ಅವರು ನೆರಳಲ್ಲಿ, ಹಿಂದೆ ಹೊಳೆಯುವ ಆಕಾಶ. ಸೂರ್ಯ ಕೆಳಗಿದ್ದಾಗ ಮಾತ್ರ ಬಿಸಿಲು ಚಾವಣಿಯ ಅಡಿಗೆ ತೂರುತ್ತದೆ. ನೀವು ಹೋದ ಹೊತ್ತಿಗೆ ಬಿಸಿಲು ಯಾವ ಗೋಡೆಯನ್ನು ಸವರುತ್ತಿದೆ ಅಂತ ನೋಡಿ, ದೇವಸ್ಥಾನವನ್ನು ಒಂದು ಸುತ್ತು ಸುಮ್ನೆ ಹಾಕಿ ಬಂದ ಮೇಲೆ ಕ್ಯಾಮೆರಾ ಹೊರಗೆ ತೆಗೆಯಿರಿ.

ಮನೆಯೊಳಗೆ ಮುಖದ ಫೋಟೊ ತೆಗೆಯಲು ನಮ್ಮ ತೊಟ್ಟಿ ಮನೆಗಳಿಗಿಂತ ಒಳ್ಳೆಯ ಸ್ಟುಡಿಯೊ ಇಲ್ಲ. ಮೇಲಿಂದ ಆಕಾಶದ ಬೆಳಕು ಇಳಿದು, ಸುತ್ತಲಿನ ಗೋಡೆಗೆ ತಾಗಿ ಮೆತ್ತಗಾಗಿ, ಪಡಸಾಲೆಯಲ್ಲಿ ಕೂತವರ ಮುಖದ ಮೇಲೆ ಬೀಳುತ್ತದೆ. ತೊಟ್ಟಿ ಇಲ್ಲದಿದ್ದರೆ ಬಾಗಿಲು, ಕಿಟಕಿ ಸಾಕು. ಮನೆಯ ಲೈಟ್ ಎಲ್ಲ ಆರಿಸಿ, ಅವರನ್ನು ಬಾಗಿಲಿನಿಂದ ಎರಡು ಮೂರು ಅಡಿ ಒಳಗೆ ಕೂರಿಸಿ. ಹೊಸಿಲ ಮೇಲೆ ಕೂರಿ ಅಂತ ಹಿರಿಯರಿಗೆ ಹೇಳಬೇಡಿ, ಒಪ್ಪುವುದೂ ಇಲ್ಲ, ಅಗತ್ಯವೂ ಇಲ್ಲ. ಮುಖ ಹೊರಗಿನ ಕಡೆಗೆ ಸ್ವಲ್ಪ ತಿರುಗಿರಲಿ. ನೀವು ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತು ತೆಗೆಯಿರಿ. ಒಂದು ಕೆನ್ನೆ ಬೆಳ್ಳಗೆ, ಇನ್ನೊಂದು ನಿಧಾನಕ್ಕೆ ನೆರಳಿಗೆ ಜಾರುತ್ತದೆ, ಕಣ್ಣಿನಲ್ಲಿ ಬಾಗಿಲಿನ ಚಿಕ್ಕ ಹೊಳಪು ಬರುತ್ತದೆ. ಆ ಹೊಳಪು ಇಲ್ಲದಿದ್ದರೆ ಕಣ್ಣು ಸತ್ತ ಹಾಗೆ ಕಾಣುತ್ತದೆ, ಬಂದಿದೆಯಾ ಅಂತ ಪ್ರತಿ ಸಲ ನೋಡಿ.

ಲೈಟ್ ಆರಿಸಲು ಹೇಳಿದ್ದಕ್ಕೆ ಕಾರಣ ಇದೆ. ಕಿಟಕಿಯ ಬೆಳಕು ನೀಲಿ ಕಡೆಗೆ, ಬಲ್ಬಿನದ್ದು ಹಳದಿ ಕಡೆಗೆ ಇರುತ್ತದೆ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಆಮೇಲೆ ಎಷ್ಟು ಎಡಿಟ್ ಮಾಡಿದರೂ ಬಣ್ಣ ಸರಿಯಾಗುವುದಿಲ್ಲ.

ನಡು ಮಧ್ಯಾಹ್ನವೇ ತೆಗೆಯಬೇಕಾಗಿ ಬಂದರೆ ಮರದ ನೆರಳಿಗಿಂತ ಕಟ್ಟಡದ ನೆರಳು ಒಳ್ಳೆಯದು. ಎಲೆಗಳ ಮಧ್ಯದಿಂದ ತೂರಿದ ಬಿಸಿಲು ಮುಖದ ತುಂಬಾ ಬಿಳಿ ಮಚ್ಚೆ ಹಾಕಿಬಿಡುತ್ತದೆ. ಬಿಳಿ ಪಂಚೆ, ಬಿಳಿ ಶರ್ಟ್ ತೊಟ್ಟವರಿದ್ದರೆ ಇನ್ನೂ ಹುಷಾರು. ಮೊಬೈಲಿನಲ್ಲಿ ಬಟ್ಟೆಯ ಮೇಲೆ ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಬಟ್ಟೆಯ ಮಡಿಕೆ ಕಾಣುವವರೆಗೆ ಕೆಳಗೆ ಎಳೆಯಿರಿ. ಬೆರಳು ಒತ್ತಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಫೋಕಸ್ ಮತ್ತು ಬೆಳಕು ಎರಡೂ ಲಾಕ್ ಆಗುತ್ತವೆ. ಸ್ವಲ್ಪ ಕತ್ತಲಾದ ಮುಖವನ್ನು ಆಮೇಲೆ ಎತ್ತಬಹುದು, ಪೂರ್ತಿ ಬೆಳ್ಳಗಾಗಿ ಹೋದ ಶರ್ಟನ್ನು ಯಾರೂ ವಾಪಸ್ ತರಲಾರರು.

ಓಡಾಡುವ ಮಕ್ಕಳು, ಹಾರಾಡುವ ಹಕ್ಕಿಗಳು

ಕ್ಯಾಮೆರಾ ತಗೊಂಡ ಹೊಸತರಲ್ಲಿ ಆಟೊ ಮೋಡ್ ಬಿಟ್ಟು ಮೊದಲು ಕಲಿಯಬೇಕಾದ್ದು ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಡುತ್ತದೆ ಅನ್ನುವುದು, ಅಂತ ನನ್ನ ಅಭಿಪ್ರಾಯ. ಅಪರ್ಚರ್, ಅಂದರೆ ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಅನ್ನುವುದನ್ನು ಬದಲಿಸುವ ಲೆನ್ಸಿನ ಕಿಂಡಿಯ ಅಗಲ, ಆಮೇಲೆ ಕಲಿಯಬಹುದು. ಯಾಕೆಂದರೆ ಹಿನ್ನೆಲೆ ಸ್ವಲ್ಪ ಜಾಸ್ತಿ ಚುರುಕಾಗಿ ಬಂದರೆ ಫೋಟೊ ಉಳಿಯುತ್ತದೆ, ಮುಖವೇ ಅಲ್ಲಾಡಿ ಹೋದರೆ ಉಳಿಯುವುದಿಲ್ಲ.

ಕೂತವರಿಗೆ 1/125 ಸೆಕೆಂಡ್ ಸಾಕು. ಅಂಗಳದಲ್ಲಿ ಓಡುವ ಮಕ್ಕಳಿಗೆ 1/500. ಹಾರುವ ಹಕ್ಕಿಗೆ 1/1000ದಿಂದ ಶುರು, 1/2000 ಸಿಕ್ಕರೆ ಇನ್ನೂ ಒಳ್ಳೆಯದು. ಕೈಯಲ್ಲಿ ಹಿಡಿದು ತೆಗೆಯುವಾಗ ಲೆನ್ಸ್ ಉದ್ದವಾದಷ್ಟೂ ನಿಮ್ಮ ಕೈನಡುಕವೂ ದೊಡ್ಡದಾಗಿ ಕಾಣುತ್ತದೆ. 300 ಎಂಎಂ ಲೆನ್ಸಿಗೆ ಕನಿಷ್ಠ 1/300 ಬೇಕು ಅನ್ನುವುದು ಹಳೆಯ ಲೆಕ್ಕ, ಶುರುವಿನವರು ಕೊಳ್ಳುವ ಚಿಕ್ಕ ಸೆನ್ಸರಿನ ಕ್ಯಾಮೆರಾಗಳಲ್ಲಿ ಅದನ್ನು ಒಂದೂವರೆ ಪಟ್ಟು ಮಾಡಿ 1/450 ಅಂತ ಇಟ್ಟುಕೊಳ್ಳಿ. ಅಷ್ಟು ಸ್ಪೀಡ್ ಬರಬೇಕಾದರೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್, ಏರಿಸಬೇಕು. ಏರಿಸಿ, ಹೆದರಬೇಡಿ. 1600, 3200ಕ್ಕೆ ಹೋದರೆ ಫೋಟೊದಲ್ಲಿ ಕಾಳು ಕಾಳಾಗಿ ನಾಯ್ಸ್ ಬರುತ್ತದೆ ಅಂತ ಜನ 100, 200ಕ್ಕೇ ಅಂಟಿಕೊಂಡಿರುತ್ತಾರೆ. ನಾಯ್ಸನ್ನು ಸಾಫ್ಟ್‌ವೇರ್ ಕಡಿಮೆ ಮಾಡುತ್ತದೆ. ಅಲ್ಲಾಡಿದ ಹಕ್ಕಿಯ ಕಣ್ಣನ್ನು ಚುರುಕು ಮಾಡಲು ಅದಕ್ಕೆ ಆಗುವುದಿಲ್ಲ.

ರಂಗನತಿಟ್ಟು ಹಕ್ಕಿ ಫೋಟೊ ಕಲಿಯಲು ಬಹಳ ಒಳ್ಳೆಯ ಜಾಗ. 1940ರಲ್ಲೇ ಪಕ್ಷಿಧಾಮ ಆಗಿದ್ದು, ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ದೋಣಿಗೆ ಒಗ್ಗಿಹೋಗಿವೆ, ಹತ್ತಿರದಿಂದಲೇ ಸಿಗುತ್ತವೆ. ಆದರೆ ನೀವು ದೋಣಿಯಲ್ಲಿ, ದೋಣಿ ನೀರಿನಲ್ಲಿ, ಹಕ್ಕಿ ಗಾಳಿಯಲ್ಲಿ. ಮೂರೂ ಅಲುಗುತ್ತಿರುತ್ತವೆ. ಟ್ರೈಪಾಡ್ ಉಪಯೋಗಕ್ಕೆ ಬರುವುದಿಲ್ಲ, ಸ್ಪೀಡ್ ಒಂದೇ ದಾರಿ. ಇಲ್ಲಿ ಹೊಸಬರಿಗೆ ಕೈಕೊಡುವ ಇನ್ನೊಂದು ಸಂಗತಿ ಬಿಳಿ ಹಕ್ಕಿಗಳದ್ದು. ಚಮಚ ಕೊಕ್ಕು, ಬೆಳ್ಳಕ್ಕಿ ಕಡು ಹಸಿರು ಪೊದೆಯ ಮುಂದೆ ಕೂತಿದ್ದರೆ ಕ್ಯಾಮೆರಾ ಆ ಹಸಿರಿನ ಕತ್ತಲನ್ನು ಅಳೆದು ಇಡೀ ಫೋಟೊವನ್ನು ಬೆಳ್ಳಗೆ ಮಾಡುತ್ತದೆ, ಹಕ್ಕಿಯ ಮೈಮೇಲೆ ಒಂದು ಗರಿಯೂ ಕಾಣದೆ ಸುಣ್ಣ ಬಳಿದ ಹಾಗೆ ಬರುತ್ತದೆ. ಪ್ಲಸ್ ಮೈನಸ್ ಅಂತ ಒಂದು ಬಟನ್ ಇರುತ್ತದಲ್ಲ, ಅದರಲ್ಲಿ ಮೈನಸ್ ಮುಕ್ಕಾಲಿನಿಂದ ಒಂದರವರೆಗೆ ಇಳಿಸಿ. ಅದೇ ಬಿಳಿ ಹಕ್ಕಿ ಫ್ರೇಮ್ ತುಂಬುವಷ್ಟು ಹತ್ತಿರ ಬಂತು ಅನ್ನಿ, ಆಗ ಉಲ್ಟಾ. ಕ್ಯಾಮೆರಾ ಬಿಳಿಯನ್ನು ಬೂದು ಮಾಡಲು ನೋಡುತ್ತದೆ, ಸ್ವಲ್ಪ ಪ್ಲಸ್ ಕೊಡಬೇಕು. ಆಕಾಶದ ಎದುರು ಹಾರುವ ನೀರುಕಾಗೆಗೂ ಪ್ಲಸ್ಸೇ.

ಫೋಕಸ್ ಯಾವಾಗಲೂ ಕಣ್ಣಿಗೆ. ಹಕ್ಕಿ ಇರಲಿ, ನಾಯಿ ಇರಲಿ, ಮಗು ಇರಲಿ. ಹಾಗೆಯೇ ಅವುಗಳ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ಮಗುವಿನ ಫೋಟೊ ನಿಂತುಕೊಂಡು ತೆಗೆದರೆ ನೆತ್ತಿಯೇ ಜಾಸ್ತಿ ಕಾಣುತ್ತದೆ, ನೆಲದ ಮೇಲೆ ಕೂತು ತೆಗೆದರೆ ಅದರ ಲೋಕವೇ ಕಾಣುತ್ತದೆ. ಗೂಡಿನಲ್ಲಿರುವ ಹಕ್ಕಿಯ ಹತ್ತಿರ ಮಾತ್ರ ಹೋಗಲೇಬೇಡಿ. ಅಡ್ಡ ಬಂದ ರೆಂಬೆ ಸರಿಸುವುದು, ಫ್ಲಾಶ್ ಹಾಕುವುದು, ಕರೆಯುವ ಹಾಗೆ ದನಿ ಕೇಳಿಸುವುದು, ಇದರಿಂದ ತಾಯಿ ಗೂಡು ಬಿಟ್ಟು ಹೋಗಬಹುದು, ಮರಿಗಳು ಕಾಗೆ, ಹದ್ದಿನ ಪಾಲಾಗಬಹುದು. ಎಷ್ಟೋ ಸ್ಪರ್ಧೆಗಳಲ್ಲಿ ಗೂಡಿನ ಫೋಟೊಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಸ್ಪರ್ಧೆ ಬಿಡಿ, ಒಂದು ಫೋಟೊಗಾಗಿ ಮರಿ ಸಾಯಬಾರದು.

ಯಕ್ಷಗಾನ, ಸ್ಟೇಜಿನ ಬೆಳಕು

ಕರಾವಳಿ, ಮಲೆನಾಡಿನವರು ತುಂಬಾ ಕೇಳುವ ಪ್ರಶ್ನೆ ಇದು: ಯಕ್ಷಗಾನ ಆಟದ ಫೋಟೊಗಳಲ್ಲಿ ಕೆಂಪು ವೇಷ ಬರೀ ಕೆಂಪು ಮುದ್ದೆಯಾಗಿ ಬರುತ್ತದೆ, ಅಡ್ಡಡ್ಡ ಕಪ್ಪು ಪಟ್ಟಿಗಳೂ ಬರುತ್ತವೆ, ಏನು ಮಾಡಲಿ?

ಎರಡಕ್ಕೂ ಕಾರಣ ಸ್ಟೇಜಿನ ದೀಪಗಳು. ಬಣ್ಣದ ಎಲ್‌ಇಡಿ ಬೆಳಕಲ್ಲಿ ಕೆಂಪು ಬಣ್ಣ ಉಳಿದೆಲ್ಲಕ್ಕಿಂತ ಮೊದಲು ಮಿತಿ ದಾಟುತ್ತದೆ. ಫೋಟೊ ನಿಮಗೆ ಸ್ವಲ್ಪ ಕತ್ತಲು ಅನ್ನಿಸುವ ಮಟ್ಟಕ್ಕೆ ಇಳಿಸಿ ತೆಗೆಯಿರಿ, ಬಟ್ಟೆಯ ಜರಿ, ಎದೆಪದಕದ ಕುಸುರಿ ಉಳಿಯುತ್ತದೆ. ಪಟ್ಟಿಗಳ ವಿಷಯ ಬೇರೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಅದರಿಂದ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, 1/500ರಲ್ಲಿ ತೆಗೆದ ಫೋಟೊಗೆ ಕಾಣುತ್ತದೆ. 1/100 ಅಥವಾ 1/50ಕ್ಕೆ ಇಳಿಸಿದರೆ ಬಹಳ ಸಲ ಪಟ್ಟಿ ಮಾಯ.

ಆದರೆ 1/100ರಲ್ಲಿ ಕುಣಿಯುವವರು ಅಲ್ಲಾಡಿ ಬರುತ್ತಾರಲ್ಲ? ಹೌದು, ಅದಕ್ಕೇ ಆಟ ನೋಡಲು ಗೊತ್ತಿರುವವರೇ ಆಟದ ಫೋಟೊ ಚೆನ್ನಾಗಿ ತೆಗೆಯುವುದು. ಚಂಡೆಯ ಪೆಟ್ಟು ಏರುತ್ತಾ ಹೋಗಿ ಮುಗಿಯುವ ಹೊತ್ತಿಗೆ ಕಲಾವಿದರು ಒಂದು ಭಂಗಿಯಲ್ಲಿ ಗಕ್ಕನೆ ನಿಲ್ಲುತ್ತಾರೆ. ಆ ಒಂದು ಕ್ಷಣಕ್ಕೆ ಕಾಯಿರಿ. ಪದ್ಯ ಕಿವಿಗೆ ಬಿದ್ದಿದ್ದರೆ ನಿಲ್ಲುವುದು ಯಾವಾಗ ಅಂತ ಮೊದಲೇ ತಿಳಿಯುತ್ತದೆ. ಫ್ಲಾಶ್ ಬೇಡವೇ ಬೇಡ. ಎದುರಿಗೆ ಕುಣಿಯುವವರ ಕಣ್ಣಿಗೆ ಅದು ಎಷ್ಟು ಹೊಡೆಯುತ್ತದೆ ಅಂತ ಯೋಚಿಸಿ, ಸಾಲದ್ದಕ್ಕೆ ಮುಖವರ್ಣಿಕೆಯ ಬಣ್ಣವೆಲ್ಲ ಚಪ್ಪಟೆಯಾಗಿಬಿಡುತ್ತದೆ.

ಮಳೆಗಾಲದಲ್ಲಿ ಕ್ಯಾಮೆರಾ

ಜೋಗ ಮೈದುಂಬಿ 253 ಮೀಟರ್ ಕೆಳಗೆ ಧುಮುಕುವಾಗ ಎದುರಿನ ಗುಡ್ಡದಿಂದ ನೋಡಲು ಹೋಗುತ್ತೀರಿ, ಕಾಣುವುದು ಬರೀ ಮಂಜು. ಕಾಯಬೇಕು, ಬೇರೆ ಉಪಾಯ ಇಲ್ಲ. ಮಂಜು ಸರಿಯುವ ಎರಡು ನಿಮಿಷಕ್ಕೆ ಎಲ್ಲ ತಯಾರಿರಬೇಕು: ಟ್ರೈಪಾಡ್ ನಿಲ್ಲಿಸಿ, ಅರ್ಧ ಸೆಕೆಂಡಿನ ಆಸುಪಾಸು ಶಟರ್ ಇಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ. ಬಟನ್ ಒತ್ತುವಾಗಿನ ಅಲುಗಾಟವೂ ಆಗ ಇರುವುದಿಲ್ಲ. ಒಣ ಬಟ್ಟೆ ಒಂದಲ್ಲ, ನಾಲ್ಕು ಇರಲಿ.

ಮಲೆನಾಡು, ಕರಾವಳಿಯವರಿಗೆ ಮುಖ್ಯವಾಗಿ ಹೇಳಬೇಕಾದ್ದು ಲೆನ್ಸ್ ಫಂಗಸ್ ಬಗ್ಗೆ. ಮಳೆಗಾಲದಲ್ಲಿ ಬಟ್ಟೆಗೆ, ಚಪ್ಪಲಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಲೆನ್ಸಿಗೂ ಹಿಡಿಯುತ್ತದೆ. ಕ್ಯಾಮೆರಾವನ್ನು ಅದರ ಬ್ಯಾಗಿನಲ್ಲೇ ಹಾಕಿ ಬೀರುವಿನಲ್ಲಿ ಇಟ್ಟುಬಿಡುವುದು ಅತಿ ಕೆಟ್ಟ ಅಭ್ಯಾಸ, ಬ್ಯಾಗಿನ ಬಟ್ಟೆ ತೇವ ಹೀರಿಕೊಂಡು ಕೂತಿರುತ್ತದೆ. ಗಾಳಿಯಾಡದ ಹಾಗೆ ಮುಚ್ಚುವ ದೊಡ್ಡ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ, ಅದರೊಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಹಾಕಿ. ಬಣ್ಣ ತಿರುಗಿದರೆ ಅದು ತೇವ ಕುಡಿದು ತುಂಬಿದೆ ಅಂತ. ಅಡುಗೆಗೆ ಬಳಸದ ಒಂದು ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆರಿಸಿ, ಮತ್ತೆ ಹಾಕಬಹುದು. ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೊ ತೆಗೆಯಿರಿ.

ಆರಿಸುವುದು, ಎಡಿಟ್ ಮಾಡುವುದು

ಇನ್ನೂರು ಫೋಟೊ ತೆಗೆದು ಇನ್ನೂರನ್ನೂ ಕಳಿಸಬೇಡಿ. ಹತ್ತು ಕಳಿಸಿ. ಒಂದೇ ಭಂಗಿಯ ಐದರಲ್ಲಿ ಒಂದನ್ನು ಆರಿಸುವುದು ಕಷ್ಟ ಅನ್ನಿಸುತ್ತದೆ, ಆದರೆ ಹಾಗೆ ಆರಿಸುವಾಗಲೇ ನಿಮ್ಮ ಕಣ್ಣು ಬೆಳೆಯುವುದು. ಎರಡರ ಮಧ್ಯೆ ಗೊಂದಲವಾದರೆ ಚಿಕ್ಕದು ಮಾಡಿ, ಹೆಬ್ಬೆರಳಿನ ಉಗುರಿನಷ್ಟು ಮಾಡಿ ನೋಡಿ. ಅಷ್ಟು ಚಿಕ್ಕದರಲ್ಲೂ ವಿಷಯ ಏನು ಅಂತ ಗೊತ್ತಾಗುವುದು ಒಳ್ಳೆಯ ಫೋಟೊ.

ಎಡಿಟ್ ಮಾಡಲು ಸ್ನ್ಯಾಪ್‌ಸೀಡ್ ಆ್ಯಪ್ ಸಾಕು, ದುಡ್ಡು ಕೊಡಬೇಕಿಲ್ಲ. ಮೊದಲು ದಿಗಂತ ನೇರ ಮಾಡಿ, ಮರವಂತೆಯ ಸಮುದ್ರ ಒಂದು ಕಡೆಗೆ ಸುರಿದು ಹೋಗುವ ಹಾಗೆ ಕಾಣಬಾರದು. ಆಮೇಲೆ ಕ್ರಾಪ್. ಆಮೇಲೆ ಬೆಳಕು. ಬಣ್ಣ ಕೊನೆಗೆ, ಅದೂ ಸ್ವಲ್ಪ. ಸ್ಯಾಚುರೇಶನ್ (ಬಣ್ಣದ ಗಾಢತೆ) ಎಷ್ಟು ಬೇಕು ಅಂತ ಅನ್ನಿಸುತ್ತದೋ ಅದರ ಅರ್ಧಕ್ಕೆ ನಿಲ್ಲಿಸಿ, ಫೋನ್ ಪಕ್ಕಕ್ಕಿಟ್ಟು ಹತ್ತು ನಿಮಿಷ ಬಿಟ್ಟು ಬಂದು ನೋಡಿ. ಗದ್ದೆಯ ಹಸಿರು ಪ್ಲಾಸ್ಟಿಕ್ಕಿನ ಹಸಿರಾಗಿದೆಯಾ ಅಂತ ಆಗ ತಿಳಿಯುತ್ತದೆ.

ಅಭಿಪ್ರಾಯ ಕೇಳುವುದು, ಹೇಳುವುದು

ಇದರ ಬಗ್ಗೆ ನನಗೆ ಕಾಳಜಿ ಜಾಸ್ತಿ. ನಮ್ಮಲ್ಲಿ ಫೋಟೊ ಹಾಕಿದ ಕೂಡಲೇ "ಸೂಪರ್ ಸರ್", "ನೈಸ್ ಕ್ಲಿಕ್" ಅಂತ ಬರುತ್ತದೆ. ಖುಷಿಯಾಗುತ್ತದೆ, ನಿಜ. ಆದರೆ ನಾಳೆ ಕ್ಯಾಮೆರಾ ಹಿಡಿದಾಗ ಆ ಮಾತು ಯಾವ ಉಪಯೋಗಕ್ಕೂ ಬರುವುದಿಲ್ಲ. ಇನ್ನೊಂದು ಕಡೆ "ಏನೂ ಚೆನ್ನಾಗಿಲ್ಲ" ಅಂತ ಒಂದೇ ಮಾತಲ್ಲಿ ಮುಗಿಸುವವರು. ಎಷ್ಟೋ ಹುಡುಗ ಹುಡುಗಿಯರು ಅಷ್ಟಕ್ಕೇ ಕ್ಯಾಮೆರಾ ಒಳಗಿಟ್ಟಿದ್ದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಕೇಳುವವರು "ಹೇಗಿದೆ?" ಅಂತ ಕೇಳಬೇಡಿ. "ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು?" ಅಂತ ಕೇಳಿ. ಈ ಪ್ರಶ್ನೆಗೆ ಫೋಟೊಗ್ರಫಿ ಗೊತ್ತಿಲ್ಲದ ಅಮ್ಮನೂ ಉತ್ತರ ಹೇಳಬಲ್ಲರು, ಮತ್ತು ಆ ಉತ್ತರ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಹೇಳುವವರು ಮೂರು ಮಾತು ಹೇಳಿದರೆ ಸಾಕು: ಯಾವುದು ಚೆನ್ನಾಗಿದೆ, ಫ್ರೇಮಿನ ಯಾವ ಜಾಗದಲ್ಲಿ ತೊಂದರೆ ಇದೆ, ಮುಂದಿನ ಸಲ ಏನು ಮಾಡಬಹುದು. ಒಂದು ಫೋಟೊಗೆ ಒಂದೇ ತೊಂದರೆ ಹೇಳಿ. ಆರು ಹೇಳಿದರೆ ಯಾರೂ ಆರನ್ನೂ ತಿದ್ದಿಕೊಳ್ಳುವುದಿಲ್ಲ.

ಉದಾಹರಣೆ ಕೊಡುತ್ತೇನೆ. ಅಡುಗೆಮನೆಯಲ್ಲಿ ಅಜ್ಜಿ ಈಳಿಗೆಮಣೆ ಮೇಲೆ ಕೂತು ಬದನೆಕಾಯಿ ಹೆಚ್ಚುತ್ತಿರುವ ಫೋಟೊ. ನಾನಾದರೆ ಹೀಗೆ ಬರೆಯುತ್ತೇನೆ: "ಕಿಟಕಿಯ ಬೆಳಕು ಕೈಮೇಲೆ, ಬಳೆಯ ಮೇಲೆ ಬಿದ್ದಿರುವುದು ತುಂಬಾ ಚೆನ್ನಾಗಿದೆ, ಕತ್ತರಿಸಿದ ಹೋಳು ಬೀಳುತ್ತಿರುವ ಕ್ಷಣವನ್ನೇ ಹಿಡಿದಿದ್ದೀರಿ. ಆದರೆ ಎಡ ಮೂಲೆಯಲ್ಲಿ ಹಾಲಿನ ಪ್ಯಾಕೆಟ್ ಇದೆಯಲ್ಲ, ಅದು ಅಜ್ಜಿಯ ಮುಖಕ್ಕಿಂತ ಬೆಳ್ಳಗಿದೆ, ಅದರ ಮೇಲೆ ಅಕ್ಷರವೂ ಇದೆ. ನನ್ನ ಕಣ್ಣು ಪದೇ ಪದೇ ಅಲ್ಲಿಗೆ ಹೋಗುತ್ತಿದೆ. ಮುಂದಿನ ಸಲ ಅದನ್ನು ಎತ್ತಿಟ್ಟು ತೆಗೆಯಿರಿ, ಈ ಫೋಟೊಗೆ ಎಡದಿಂದ ಸ್ವಲ್ಪ ಕ್ರಾಪ್ ಮಾಡಿ ನೋಡಿ."

ಇನ್ನೊಂದು, ಕರೆಂಟು ತಂತಿಯ ಮೇಲೆ ಕೂತ ಮಿಂಚುಳ್ಳಿ. "ಬೆನ್ನಿನ ನೀಲಿ ಬಣ್ಣ ಸರಿಯಾಗಿ ಬಂದಿದೆ, ಎಡಿಟಿಂಗಿನಲ್ಲಿ ಅತಿ ಮಾಡಿಲ್ಲ. ಹಕ್ಕಿ ಬಲಕ್ಕೆ ನೋಡುತ್ತಿದೆ, ಆದರೆ ಬಲಗಡೆ ಜಾಗವೇ ಇಲ್ಲ, ಗೋಡೆಗೆ ಮೂತಿ ತಾಗಿಸಿ ಕೂತ ಹಾಗಿದೆ. ಅದು ನೋಡುವ ಕಡೆ ಜಾಗ ಬಿಟ್ಟು ಕ್ರಾಪ್ ಮಾಡಿ. ಅದು ಮೀನಿಗೆ ಧುಮುಕಿ ಬಹಳ ಸಲ ಅದೇ ಜಾಗಕ್ಕೆ ವಾಪಸ್ ಬಂದು ಕೂರುತ್ತದೆ, ನಾಳೆ ಬೆಳಗ್ಗೆ ಅಲ್ಲೇ ಸುಮ್ನೆ ಕಾದು ಕೂತರೆ ಇನ್ನೊಂದು ಅವಕಾಶ ಸಿಗಬಹುದು."

ಸಂತೆಯಲ್ಲಿ, ಕೆ.ಆರ್. ಮಾರ್ಕೆಟ್‌ನಲ್ಲಿ ಹೂವು ಮಾರುವವರ ಫೋಟೊ ತುಂಬಾ ಬರುತ್ತವೆ. ಮೇಲಿಂದ ತೆಗೆದ ಚೆಂಡುಹೂವಿನ ರಾಶಿ ಚೆಂದವೇ, ಆದರೆ ಅದನ್ನು ಈಗಾಗಲೇ ಸಾಕಷ್ಟು ಜನ ತೆಗೆದಿದ್ದಾರೆ. ಕೆಳಗೆ ಇಳಿಯಿರಿ ಅಂತ ಹೇಳುತ್ತೇನೆ. ಹೂವು ಕೊಳ್ಳಿ, ಮಾತಾಡಿಸಿ, "ಅಕ್ಕಾ, ಒಂದು ಫೋಟೊ ತೆಗೀಲಾ?" ಅಂತ ಕೇಳಿ. ಬೇಡ ಅಂದರೆ ನಕ್ಕು ಮುಂದೆ ಹೋಗಿ. ಒಪ್ಪಿದರೆ ಮೊದಲ ಎರಡು ಫೋಟೊದಲ್ಲಿ ಅವರು ಬಿಗಿಯಾಗಿ ನಿಂತಿರುತ್ತಾರೆ, ಅದು ಸಹಜ. ಗಿರಾಕಿ ಬಂದು ಅವರು ಮತ್ತೆ ಮೊಳ ಹಾಕಲು ಶುರು ಮಾಡುತ್ತಾರಲ್ಲ, ಆಗ ತೆಗೆಯಿರಿ. ಮೈಸೂರಿನಲ್ಲಿ ಹುಟ್ಟಿದ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ (1923–2009) ತೆಗೆದ ಮಕ್ಕಳ, ಸಾಮಾನ್ಯ ಜನರ ಫೋಟೊಗಳನ್ನು ಹುಡುಕಿ ನೋಡಿ. ಯಾರೂ ಕ್ಯಾಮೆರಾಕ್ಕಾಗಿ ನಿಂತ ಹಾಗೆ ಕಾಣುವುದಿಲ್ಲ. ತಮ್ಮ ಪಾಡಿಗೆ ತಾವಿದ್ದಾರೆ, ಆದರೂ ಫ್ರೇಮಿನಲ್ಲಿ ಒಂದೂ ಬೇಡದ್ದಿಲ್ಲ.

ಹತ್ತಿರದಲ್ಲಿ ಫೋಟೊ ಕ್ಲಬ್ ಇದ್ದರೆ ಸೇರಿಕೊಳ್ಳಿ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಅನುಭವ ಇರುವವರು ಎದುರಿಗೆ ಕೂತು ನಿಮ್ಮ ಫೋಟೊ ನೋಡಿ ಹೇಳುವ ಹತ್ತು ನಿಮಿಷ, ವಿಡಿಯೊ ನೋಡಿ ಕಳೆದ ಹತ್ತು ಗಂಟೆಗಿಂತ ಹೆಚ್ಚು ಕಲಿಸುತ್ತದೆ. ಊರಿನಲ್ಲಿ ಅಂಥದ್ದು ಇಲ್ಲದಿದ್ದರೆ ಮೂವರು ಗೆಳೆಯರು ಸಾಕು, ತಿಂಗಳಿಗೊಮ್ಮೆ ತಲಾ ಐದು ಫೋಟೊ ತಂದು ನೋಡಿ. ಸಲಹೆ ಸಿಕ್ಕ ಮೇಲೆ ಅದೇ ಜಾಗಕ್ಕೆ, ಅದೇ ಹೊತ್ತಿಗೆ ಮತ್ತೆ ಹೋಗಿ ತೆಗೆಯಿರಿ. ಹೊಸ ಫೋಟೊ, ಹಳೆಯ ಫೋಟೊ ಪಕ್ಕಪಕ್ಕ ಇಟ್ಟರೆ ಏನು ಬದಲಾಗಿದೆ ಅಂತ ನಿಮಗೇ ಕಾಣುತ್ತದೆ.

ಪ್ರಿಂಟ್ ಹಾಕಿಸುವುದಾದರೆ

ಯಾರ ಫೋಟೊ ತೆಗೆದಿರೋ ಅವರಿಗೆ ಒಂದು ಪ್ರಿಂಟ್ ಕೊಡಿ. ವಾಟ್ಸಾಪಿನಲ್ಲಿ ಬಂದ ಫೋಟೊವನ್ನು ಸ್ಟುಡಿಯೊಗೆ ಕೊಡಬೇಡಿ, ಅದು ಕುಗ್ಗಿರುತ್ತದೆ. ಒರಿಜಿನಲ್ ಫೈಲನ್ನು ಪೆನ್ ಡ್ರೈವಿನಲ್ಲಿ ಕೊಡಿ, ಇಲ್ಲ ಡಾಕ್ಯುಮೆಂಟ್ ಅಂತ ಆಯ್ದು ಕಳಿಸಿ. ಇನ್ನೊಂದು ಲೆಕ್ಕ ನೆನಪಿರಲಿ: ಮೊಬೈಲಿನ ಫೋಟೊ ಸಾಮಾನ್ಯವಾಗಿ 4:3 ಅಳತೆಯದ್ದು, ಸ್ಟುಡಿಯೊದಲ್ಲಿ ಮಾಮೂಲಾಗಿ ಹಾಕುವ 6 ಇಂಚು 4 ಇಂಚಿನ ಪ್ರಿಂಟ್ 3:2 ಅಳತೆಯದ್ದು. ಹಾಗಾಗಿ ಪ್ರಿಂಟ್ ಆಗುವಾಗ ಫೋಟೊದ ಉದ್ದನೆಯ ಬದಿಗಳಲ್ಲಿ ಸ್ವಲ್ಪ ಕತ್ತರಿಸಿ ಹೋಗುತ್ತದೆ. ಮನೆಮಂದಿಯೆಲ್ಲ ಸಾಲಾಗಿ ನಿಂತ ಅಡ್ಡ ಫೋಟೊದಲ್ಲಿ ಹೋಗುವುದು ಮೇಲಿನ ಮತ್ತು ಕೆಳಗಿನ ಅಂಚು, ಅಂದರೆ ಹಿಂದಿನ ಸಾಲಿನ ಎತ್ತರದವರ ತಲೆ, ಮುಂದೆ ಕೂತ ಮಕ್ಕಳ ಪಾದ. ತೆಗೆಯುವಾಗಲೇ ಮೇಲೆ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿರಿ, ಸ್ಟುಡಿಯೊದವರಿಗೂ "ತಲೆ ಕತ್ತರಿಸಬೇಡಿ, ಬೇಕಿದ್ದರೆ ಪಕ್ಕದಲ್ಲಿ ಬಿಳಿ ಅಂಚು ಬಿಡಿ" ಅಂತ ಮೊದಲೇ ಹೇಳಿ.